ಹನ್ನೊಂದು ಆಗುವುದನ್ನು ಕಂಡವರಿಲ್ಲ

ನವೆಂಬರ್ ೨೨, ಶನಿವಾರ

ಸ್ವಸ್ತಿ ಶ್ರೀ. ಸಮಸ್ತ ಅಂಕಿಸಂಕುಲ ಚೂಡಾಮಣಿ, ಗುಣಿಸಬಂದವರನ್ನೆಲ್ಲ ನುಂಗಿ ನೀರು ಕುಡಿದ ಗುಣಾಕಾರಾಂತಕ, ಭಾಗಿಸಬಂದವರ ಗರ್ವಭಂಗ, ತಲೆಯೂ ಇಲ್ಲದ ಬಾಲವೂ ಇಲ್ಲದ ದುಂಡುಮುಖದ ಶ್ರೀ ಶ್ರೀ ಶ್ರೀ ಸೊನ್ನೆ ಮಹಾರಾಜರ ದಿವ್ಯ ಸನ್ನಿಧಾನಕ್ಕೆ — ರಾಮದುರ್ಗ ತಾಲೂಕು, ಸುರೇಬಾನ ಮುಕ್ಕಾಂ, ಮೂರು ಗಾಲಿಯ ಟಂಟಂ ಗಾಡಿಯ ಸಾರಥಿ ಭರಮಪ್ಪನವರ ಏಕಮಾತ್ರ ಪುತ್ರ, ಪಿಯುಸಿ ಮೊದಲ ವರ್ಷ ಸೈನ್ಸ್, ರೋಲ್ ನಂಬರ್ ಹದಿನೇಳು, ಆರಡಿ ಒಂದಿಂಚು ಎತ್ತರದ ಭೀಮಶಿಯು ಸಾಷ್ಟಾಂಗವೆರಗಿ ಬಿನ್ನವಿಸುವುದೇನೆಂದರೆ: ತಾವು ಇಂದು ನಮ್ಮ ಉತ್ತರಪತ್ರಿಕೆಗೆ ಚಿತ್ತೈಸಿದಿರಿ. ಇಪ್ಪತ್ತೈದಕ್ಕೆ ತಾವೊಬ್ಬರೇ. ಪರಿವಾರ ಕೂಡ ಇಲ್ಲ.

ಅವ್ವ ಮೂರು ಸಲ ಕೇಳಿದಳು, ಪೇಪರ್ ಕೊಟ್ಟರೇನೋ ಎಂದು. ಇನ್ನೂ ತಿದ್ದುತ್ತಿದ್ದಾರೆ ಎಂದೆ. ಪೇಪರ್ ಈಗ ಜೋಳದ ಚೀಲದ ಹಿಂದೆ ವಿಶ್ರಾಂತಿಯಲ್ಲಿದೆ.

ಪಾಠ: ಲಿಮಿಟ್ಸ್. ಐದು ಲೆಕ್ಕ. ಐದಕ್ಕೂ ಒಂದೇ ಉಪಾಯ ಮಾಡಿದ್ದೆ. ಎಕ್ಸ್ ಎರಡರ ಹತ್ತಿರ ಹೋಗುತ್ತದೆ ಅಂದರೆ ಎಕ್ಸ್ ಇದ್ದಲ್ಲಿ ಎರಡು ಇಡು. ಇಟ್ಟೆ. ಮೇಲೆ ಸೊನ್ನೆ, ಕೆಳಗೆ ಸೊನ್ನೆ. ಉತ್ತರ ಸೊನ್ನೆ. ಗಂಗಾ ಮೇಡಂ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ: 'ಹತ್ತಿರ ಹೋಗು ಅಂದರೆ ಹೋಗಿ ಹಣೆ ಬಡಿದುಕೋ ಅಂತ ಅಲ್ಲ.'

ಆದರೆ ಮಹಾರಾಜರೇ, ನಾನು ಹೇಳಹೊರಟಿದ್ದು ಆ ಸೊನ್ನೆಯ ಮಾತಲ್ಲ. ಗಡಿಯಾರದ ಮಾತು.

ಟೆಸ್ಟ್ ಮಂಗಳವಾರ ಇತ್ತು. ಹತ್ತೂ ಇಪ್ಪತ್ತರಿಂದ ಹನ್ನೊಂದರ ತನಕ. ಏನೂ ಓದಿರಲಿಲ್ಲ. ಶುರುವಿನ ಗಂಟೆ ಆದ ಕೂಡಲೇ ಮೇಡಂ ಚಾಕ್‌ಪೀಸ್ ತರಲು ಆಫೀಸಿಗೆ ಕಳಿಸಿದರು. ಒಳಗೆ ಯಾರೂ ಇಲ್ಲ. ಗೋಡೆ ಗಡಿಯಾರ ನೆತ್ತಿಯ ಮೇಲೆ. ಕೈ ಎತ್ತಿದೆ, ಇಳಿಸಿದೆ, ಇಪ್ಪತ್ತು ನಿಮಿಷ ಮುಂದೆ ತಿರುಗಿಸಿ ಮತ್ತೆ ನೇತುಹಾಕಿದೆ. ಲಿಮಿಟ್ಸ್ ಎಂಬ ಯಮಯಾತನೆಯಿಂದ ನಲವತ್ತೆರಡು ಮಕ್ಕಳನ್ನು ಪಾರುಮಾಡಿದ ಪುಣ್ಯ ನನ್ನದಾಗಲಿ ಎಂದುಕೊಂಡೆ. ಮೇಡಂ ಮೊಬೈಲ್ ಸ್ಟಾಫ್ ರೂಮಿನಲ್ಲಿ ಚಾರ್ಜಿಗೆ ಇತ್ತು. ಪರೀಕ್ಷೆ ಅರ್ಧಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಎಲ್ಲರ ಪೇಪರ್ ಕಸಿದುಕೊಂಡರು. ಗದ್ದಲದಲ್ಲಿ ನಾನು ಮತ್ತೆ ಆಫೀಸಿಗೆ ನುಗ್ಗಿ, ಕಾಲುಚೀಲದಲ್ಲಿ ಅಡಗಿಸಿಟ್ಟಿದ್ದ ಮೊಬೈಲ್ ನೋಡಿ, ಸೆಕೆಂಡೂ ತಪ್ಪದ ಹಾಗೆ ಗಡಿಯಾರ ಸರಿಮಾಡಿಟ್ಟೆ. ಅಪರಾಧಿ ಗುರುತು ಬಿಡಬಾರದು.

ಅವತ್ತು ಪೂರ್ತಿ ನಗು ಬರುತ್ತಿತ್ತು. ಈಗ ಅಷ್ಟು ಬರುತ್ತಿಲ್ಲ.

ನವೆಂಬರ್ ೨೪, ಸೋಮವಾರ

ಗಂಟೆ ಹೊಡೆದ ಉಳವಪ್ಪ ಕಾಕಾಗೆ ಮೆಮೊ ಕೊಟ್ಟರು.

ಕಾಕಾ ನಮ್ಮ ಕಾಲೇಜಿನ ಅಟೆಂಡರ್. ಸುರೇಬಾನದವರೇ. ಹತ್ತೊಂಬತ್ತು ವರ್ಷದಿಂದ ವರಾಂಡದಲ್ಲಿ ತೂಗುಹಾಕಿದ ಹಳಿಯ ತುಂಡಿಗೆ ಸುತ್ತಿಗೆ ಹೊಡೆಯುತ್ತಿದ್ದಾರೆ. ಅಪ್ಪನ ಟಂಟಂನಲ್ಲಿ ದಿನಾ ಬರುವವರು, ದಿನಾ ಹೋಗುವವರು. ಡ್ರೈವರ್ ಪಕ್ಕದ ಅರ್ಧ ಸೀಟು ಅವರದು. ನಾನು ಹಿಂದೆ, ಮಂಡಿ ಗದ್ದಕ್ಕೆ ತಾಗಿಸಿಕೊಂಡು.

ಸಂಜೆ ಬರುವಾಗ ಅಪ್ಪ ಕೇಳಿದ, 'ಏನೋ ಉಳವಪ್ಪಾ, ಮಾರಿ ಸಣ್ಣದಾಗೇತಿ.'

'ಮೆಮೊ ಕೊಟ್ಟಾರೋ ಭರಮಣ್ಣಾ. ಇಪ್ಪತ್ತ ಮಿನಿಟ್ ಮೊದ್ಲ ಗಂಟಿ ಹೊಡದೆ ಅಂತ.'

'ಗಡಿಯಾರ ಕೆಟ್ಟಿತ್ತೇನು?'

'ಪ್ರಿನ್ಸಿಪಾಲರು ಬಂದು ನೋಡಿದ್ರು. ಗಡಿಯಾರ ಬರೋಬ್ಬರಿ ಐತಿ. ಕೆಟ್ಟಿದ್ದು ನನ್ನ ಕಣ್ಣ ಅಂದ್ರು.'

ಗಡಿಯಾರ ಸರಿಯಿದ್ದದ್ದೇ ಅವರ ಕುತ್ತಿಗೆಗೆ ಬಂತು. ಸೆಕೆಂಡೂ ತಪ್ಪದ ಹಾಗೆ ಸರಿಮಾಡಿಟ್ಟವನು ಯಾರು… ಬರೆಯುವುದಿಲ್ಲ, ಮೇಲೆ ಬರೆದಾಗಿದೆ.

ಆಮೇಲೆ ಗೊತ್ತಾಯಿತು. ಆಫೀಸಿನ ಕ್ಲರ್ಕ್ ಮೇ ತಿಂಗಳಲ್ಲಿ ರಿಟೈರ್. ಆ ಜಾಗ ಕಾಕಾಗೆ ಕೊಡಬೇಕೆಂದು ಮಾತಾಗಿದೆ. ಎರಡು ಕಂಡೀಶನ್. ಒಂದು, ಪಿಯುಸಿ ಪಾಸಾಗಬೇಕು. ಕಾಕಾ ಸೆಕೆಂಡ್ ಪಿಯುಸಿಯಲ್ಲಿ ಗಣಿತ ಒಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಫೇಲು. ಮಾರ್ಚಿಗೆ ಮತ್ತೆ ಕಟ್ಟಿದ್ದಾರೆ. ಎರಡು, ಫೈಲಿನಲ್ಲಿ ಮೆಮೊ ಇರಬಾರದು.

ಅಪ್ಪ ಹಾರ್ನ್ ಹೊಡೆದ. ಎದುರಿಗೆ ಯಾರೂ ಇರಲಿಲ್ಲ.

ನವೆಂಬರ್ ೨೫

ಕಾಕಾ ಗಂಗಾ ಮೇಡಂ ಹತ್ತಿರ ಹೋಗಿ ಪಾಠ ಹೇಳಿಕೊಡಿರಿ ಎಂದು ಕೇಳಿದರಂತೆ. ಮೇಡಂಗೆ ಪುರಸೊತ್ತು ಎಲ್ಲಿದೆ. ನನ್ನನ್ನು ಕರೆದರು.

'ನೀವಿಬ್ಬರೂ ಒಂದೇ ಗಾಡ್ಯಾಗ ಬರ್ತೀರಿ. ನಿನಗೂ ಲಿಮಿಟ್ಸ್ ಬರೂದಿಲ್ಲ, ಅವರಿಗೂ ಬರೂದಿಲ್ಲ. ಸೇರಿ ಕೂಡ್ರಿ. ದಿನಾ ಒಂದ ಲೆಕ್ಕಾ ಮಾಡಿ ನನಗ ತೋರಸ್ರಿ.'

'ಮೇಡಂ, ನನಗ ಸೊನ್ನಿ ಬಂದೇತ್ರಿ.'

'ಅದಕ್ಕ ಹೇಳಿದ್ದು. ಮೇಲೊಂದು ಸೊನ್ನಿ, ಕೆಳಗೊಂದು ಸೊನ್ನಿ. ಏನ ಉತ್ತರ ಬರತೈತಿ ನೋಡೂಣು.'

ಗುರುಪೀಠವನ್ನು ವಿನಯಪೂರ್ವಕ ಸ್ವೀಕರಿಸಿದೆ. ಜಗತ್ತಿನ ಇತಿಹಾಸದಲ್ಲಿ ಸೊನ್ನೆ ತೆಗೆದುಕೊಂಡು ಪಟ್ಟಕ್ಕೇರಿದವನು ನಾನೊಬ್ಬನೇ ಇರಬೇಕು.

ನವೆಂಬರ್ ೨೮, ಶುಕ್ರವಾರ

ಬುದ್ಧಿ ಎಲ್ಲಿ ಹೋಗುತ್ತದೆ. ಶಿಷ್ಯ ಎಷ್ಟು ನಂಬುತ್ತಾನೆ ನೋಡೋಣ ಎನಿಸಿತು. ಗಂಭೀರ ಮುಖ ಮಾಡಿ ಹೇಳಿದೆ, 'ಕಾಕಾ, ಮ್ಯಾಲ ಸೊನ್ನಿ ಕೆಳಗ ಸೊನ್ನಿ ಬಂದ್ರ ಎರಡೂ ಹೊಡದ ಹಾಕ್ರಿ. ಒಂದು ಉಳೀತೈತಿ.'

ಕಾಕಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದರು. ಅವರ ಬರವಣಿಗೆ ಮುತ್ತಿನ ಹಾಗೆ. ನಗು ಕಾಣದ ಹಾಗೆ ಪುಸ್ತಕ ಮುಖಕ್ಕೆ ಹಿಡಿದೆ.

ನವೆಂಬರ್ ೨೯

ಬೆಳಿಗ್ಗೆ ಗಾಡಿ ಹತ್ತುವ ಮೊದಲೇ ಕಾಕಾ ಕೇಳಿದರು.

'ಏನ್ ಮಾಸ್ತರ, ಒಂದ ಸಂಶೇ ಐತಿ. ಸೊನ್ನಿ ರೊಟ್ಟಿ ಅದಾವು. ಸೊನ್ನಿ ಮಂದಿ ಕುಂತಾರ. ಹಂಚಿದೆ. ತಲಿಗೊಂದು ರೊಟ್ಟಿ ಎಲ್ಲಿಂದ ಬಂತಪಾ? ಯಾರ ಬಡದ್ರು?'

ಅಪ್ಪ ಕಿಕ್ ಹೊಡೆಯುವುದನ್ನು ಬಿಟ್ಟು ನಕ್ಕ. ಗುರುಪೀಠ ಅಲ್ಲಾಡಿತು.

'ತಪ್ಪ ಹೇಳಿದ್ನಿರಿ ಕಾಕಾ.'

'ತಪ್ಪ ಹೇಳಿದ್ಯೋ, ಮಜಾ ನೋಡಿದ್ಯೋ?'

'…ಮಜಾ ನೋಡಿದ್ನಿರಿ.'

'ಹಂಗ ಹೇಳು.' ಅಷ್ಟೇ. ಸ್ಕೇಲ್ ಇಟ್ಟು ಆ ಸಾಲು ಹೊಡೆದುಹಾಕಿದರು. ಅದಕ್ಕೂ ನೆಟ್ಟಗಿನ ಗೆರೆ.

ಅಲ್ಲೇ ಗಡಿಯಾರದ ವಿಷಯವನ್ನೂ ಹೇಳಿಬಿಡಬಹುದಿತ್ತು. ಬಾಯಿ ತೆರೆದದ್ದೇ ಆಗಿತ್ತು. ಅಪ್ಪ ಗಾಡಿ ಚಾಲೂ ಮಾಡಿದ. ಆ ಸಪ್ಪಳದಲ್ಲಿ ಯಾರಿಗೆ ಏನು ಕೇಳುತ್ತದೆ.

ಡಿಸೆಂಬರ್ ೩, ಬುಧವಾರ

ಇವತ್ತು ತಿಳಿಯಿತು. ನಿಜವಾಗಿ ತಿಳಿಯಿತು. ತಮಾಷೆ ಅಲ್ಲ.

ಲಂಚ್ ಮುಗಿಯುವ ಹೊತ್ತು ಆಫೀಸಿನ ಬಾಗಿಲಲ್ಲಿ ಕೂತಿದ್ದೆವು. ಪುಸ್ತಕದಲ್ಲಿ ಎಡಮಿತಿ, ಬಲಮಿತಿ ಎಂದಿದೆ. ಎರಡರ ಎಡದಿಂದ ಬಾ, ಎರಡರ ಬಲದಿಂದ ಬಾ, ಎರಡನ್ನು ಮಾತ್ರ ಮುಟ್ಟಬೇಡ. ನನಗೇ ಸಿಟ್ಟು ಬಂತು. 'ಮುಟ್ಟಬ್ಯಾಡ ಅಂದ್ರ ಯಾಕ ಹೋಗಬೇಕ್ರಿ ಅಲ್ಲಿ ತನಕ?'

ಕಾಕಾ ಸುತ್ತಿಗೆ ಹಿಡಿದು ಗಡಿಯಾರ ನೋಡುತ್ತಿದ್ದರು. ಅವರ ಪದ್ಧತಿ ಅದು. ಅರ್ಧ ನಿಮಿಷ ಮೊದಲೇ ಎದ್ದು ನಿಲ್ಲುತ್ತಾರೆ. ಮುಳ್ಳಿನ ಮೇಲಿನ ಕಣ್ಣು ತೆಗೆಯುವುದಿಲ್ಲ. ಆಗ ಯಾರೂ ಮಾತಾಡಿಸುವಂತಿಲ್ಲ. ಹೊಡೆದು ಬಂದು ಕೂತು, ಹೇಳಿದರು.

'ಹತ್ತೊಂಬತ್ತ ವರ್ಷ ಗಂಟಿ ಹೊಡದೇನಿ. ಹನ್ನೊಂದು ಆಗೂದನ್ನ ಒಂದ ದಿನಾನೂ ನೋಡಿಲ್ಲ ತಮ್ಮಾ.'

'ಅಂದ್ರ?'

'ಆಗಾಕತ್ತಿದ್ದು ನೋಡೇನಿ. ಆಗಿ ಹೋಗಿದ್ದು ನೋಡೇನಿ. ಎರಡರ ನಡಬರಕ ಆತು ಅನ್ನೂದ ಐತಲ್ಲ, ಅದು ಕಣ್ಣಿಗೆ ಸಿಗೂದಿಲ್ಲ. ಈ ಕಡಿಂದ ಹನ್ನೊಂದರ ಕಡೆ ಬರಾಕತ್ತೇತಿ. ಆ ಕಡಿಂದ ಹಿಂದ ನೋಡಿದ್ರೂ ಹನ್ನೊಂದಕ್ಕ ಹೋಗಿ ಕೂಡತೈತಿ. ಎರಡೂ ಕಡಿ ಸಾಕ್ಷಿ ಒಂದ ಹೇಳಿದ್ವು ಅಂದ್ರ, ಹನ್ನೊಂದಾತು ಅಂತ ಹೊಡದ ಬಿಡತೇನಿ. ಮತ್ತೇನ ಮಾಡ್ತಿ?'

ಪುಸ್ತಕದ ಆರು ಪುಟ. ಒಂದು ಸುತ್ತಿಗೆ.

ಓಡಿಹೋಗಿ ಆ ಮೊದಲ ಲೆಕ್ಕ ಮತ್ತೆ ಮಾಡಿದೆ. ಎಕ್ಸ್ ವರ್ಗದಲ್ಲಿ ನಾಲ್ಕು ಕಳೆದು, ಎಕ್ಸ್‌ನಲ್ಲಿ ಎರಡು ಕಳೆದದ್ದರಿಂದ ಭಾಗಿಸು. ಎರಡು ಇಡಲಿಲ್ಲ. ಒಂದು ಪಾಯಿಂಟ್ ಒಂಬತ್ತು ಇಟ್ಟೆ, ಮೂರು ಪಾಯಿಂಟ್ ಒಂಬತ್ತು ಬಂತು. ಎರಡು ಪಾಯಿಂಟ್ ಒಂದು ಇಟ್ಟೆ, ನಾಲ್ಕು ಪಾಯಿಂಟ್ ಒಂದು ಬಂತು. ಎರಡೂ ಕಡೆಯ ಸಾಕ್ಷಿ ನಾಲ್ಕರ ಮನೆ ಬಾಗಿಲು ತೋರಿಸುತ್ತಿವೆ. ಮೇಡಂಗೆ ತೋರಿಸಿದೆ. 'ಯಾರ ಹೇಳಿಕೊಟ್ರು' ಎಂದರು. 'ನಾನೇ ಕಾಕಾಗೆ ಹೇಳಿಕೊಟ್ಟೆ' ಎಂದೆ.

ವಿಚಿತ್ರ: ಆಫೀಸಿನ ಗಡಿಯಾರ ಈಗ ಮೂರು ನಿಮಿಷ ಮುಂದಿದೆ. ನಾನು ಅಷ್ಟು ಸರಿಮಾಡಿಟ್ಟಿದ್ದೆ. ಯಂತ್ರ ಹಾಳಾಗಿರಬೇಕು.

ಡಿಸೆಂಬರ್ ೧೦

ಹೇಳಲಿಲ್ಲ.

ಡಿಸೆಂಬರ್ ೧೧

ಗಾಡಿಯಿಂದ ಇಳಿದಾಗ ಅವರ ಹಿಂದೆಯೇ ಅವರ ಮನೆ ಕಟ್ಟೆಯ ತನಕ ಹೋದೆ. 'ಏನೋ?' ಎಂದರು. 'ನಾಳಿನ ಲೆಕ್ಕಾ ಯಾವ್ದ್ರಿ?' ಎಂದೆ. ನನ್ನ ಮುಖ ಸ್ವಲ್ಪ ಹೊತ್ತು ನೋಡಿ, 'ನಾಳೆ ನೋಡೂಣು' ಎಂದರು.

ಡಿಸೆಂಬರ್ ೧೬

ಲೆಕ್ಕ ಹಾಕಿದೆ. ಮೊದಲು ಅವರ ಓಣಿಯ ತನಕ. ಆಮೇಲೆ ಕಟ್ಟೆಯ ತನಕ. ಇವತ್ತು ಹೊಸ್ತಿಲು. ದಿನಾ ಉಳಿದ ದೂರದಲ್ಲಿ ಅರ್ಧ ಹೋಗುತ್ತೇನೆ. ಭೀಮಶಿಯು ಸತ್ಯವನ್ನು ಸಮೀಪಿಸುತ್ತಾನೆ. ಮುಟ್ಟುವುದಿಲ್ಲ. ಲಿಮಿಟ್ ಇದೆ, ಬೆಲೆ ಇಲ್ಲ.

ಜನವರಿ ೬, ಮಂಗಳವಾರ

ಡೆರಿವೇಟಿವ್ ಶುರು. ಗಂಗಾ ಮೇಡಂ: 'ಒಂದು ಕ್ಷಣದ ವೇಗ.' ಇಡೀ ಕ್ಲಾಸು ಬೋರ್ಡನ್ನು ನೋಡಿತು. ಬೋರ್ಡು ನಮ್ಮನ್ನು ನೋಡಿತು.

ಸಂಜೆ ಗಾಡಿಯಲ್ಲಿ ಕಾಕಾ ಹೇಳಿದರು, 'ಒಂದ ಕ್ಷಣದಾಗ ಗಾಡಿ ಎಲ್ಲಿ ಹೋಗತೈತಿ? ದೂರ ಸೊನ್ನಿ. ಹೊತ್ತೂ ಸೊನ್ನಿ. ಮತ್ತ ನಿಮ್ಮ ಮಹಾರಾಜ ಬಂದ ನಿಂತ ನೋಡು.'

(ಮಹಾರಾಜರ ವಿಷಯ ಅವರಿಗೆ ಹೇಗೆ ಗೊತ್ತು? ನಾನೇ ಮಾತಿನಲ್ಲಿ ಅಂದಿರಬೇಕು.)

ಅಪ್ಪನ ಗಾಡಿಯ ಸ್ಪೀಡ್ ಮೀಟರ್ ಸತ್ತು ಎಂಟು ವರ್ಷ. ಮುಳ್ಳು ಸೊನ್ನೆಯ ಮೇಲೆ ಮಲಗಿದೆ. ಕೇಳಿದೆ, 'ಅಪ್ಪಾ, ಈಗ ಸ್ಪೀಡ್ ಎಷ್ಟೈತಿ?'

'ನಲವತ್ತು.'

'ಹೆಂಗ ಗೊತ್ತು?'

'ಕಿವಿ ಹೇಳತೈತಿ.'

'ಕಾಲೇಜಿಂದ ಸುರೇಬಾನಕ್ಕ ಅರ್ಧ ತಾಸ ಹಿಡೀತೈತಿ. ದೂರಾನ ಹೊತ್ತಿನಿಂದ ಭಾಗಿಸಿದ್ರ ಅಷ್ಟ ಬರೂದಿಲ್ಲಲ್ಲ?'

'ಲೇ, ರೋಡ್ ಹಂಪ್ ಬಂತು ಸ್ಪೀಡ್ ಇಳಿಸಿದೆ, ಕುರಿ ಬಂದ್ವು ನಿಂತೆ, ಕೆಂಚವ್ವನ ಸಂತಿ ಚೀಲಾ ಇಳಿಸಿದೆ. ಅದನ್ನೆಲ್ಲಾ ಕೂಡಿಸಿ ಈಗಿನ ಸ್ಪೀಡ್ ಕೇಳ್ತಿ. ಈಗ ಅಂದ್ರ ಈಗ.'

ಕಾಕಾ ನನ್ನ ಮೊಬೈಲ್ ಇಸಿದುಕೊಂಡು ಸೆಕೆಂಡು ಹಿಡಿದರು. 'ಆ ಕಂಬದಿಂದ ಈ ಕಂಬಕ್ಕ ಎಣಸು.' ಊರಿಂದೂರಿಗೆ ಬೇಡ, ಕಿಲೋಮೀಟರ್ ಕಲ್ಲಿಂದ ಕಲ್ಲಿಗೆ. ಕಲ್ಲಿಂದ ಕಲ್ಲಿಗೂ ಬೇಡ, ಕಂಬದಿಂದ ಕಂಬಕ್ಕೆ. ದೂರ ಸಣ್ಣದಾದಷ್ಟೂ ಉತ್ತರ ಅಪ್ಪನ ಕಿವಿಯ ಹತ್ತಿರ ಬಂತು. ಕೊನೆಗೆ ನಲವತ್ತೊಂದು. ಅಪ್ಪ ಮೀಸೆಯ ಮೇಲೆ ಕೈ ಹಾಕಿದ, ಗಾಡಿ ಸ್ವಲ್ಪ ಓಲಿತು, ಹಿಂದಿನವರು ಬೈದರು.

ಜನವರಿ ೧೯

ಕಾಕಾ ಒಂದೇ ತಪ್ಪನ್ನು ಹನ್ನೆರಡನೇ ಸಲ ಮಾಡಿದರು. ಗಾಡಿ ಟಿ ಸೆಕೆಂಡಿನಲ್ಲಿ ಟಿ ವರ್ಗದಷ್ಟು ಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಮೂರನೇ ಸೆಕೆಂಡಿನಲ್ಲಿ ವೇಗ ಎಷ್ಟು? ಮೂರರಿಂದ ಎಚ್‌ನಷ್ಟು ಮುಂದೆ ಹೋಗು, ಎಷ್ಟು ದೂರವಾಯಿತು ನೋಡು, ಎಚ್‌ನಿಂದ ಭಾಗಿಸು. ಇಷ್ಟು ಬರೆದ ಕೂಡಲೇ ಎಚ್ ಜಾಗದಲ್ಲಿ ಸೊನ್ನೆ ಇಟ್ಟುಬಿಡುತ್ತಾರೆ. ಸೊನ್ನೆ ಭಾಗಿಸು ಸೊನ್ನೆ. ಪೆನ್ನು ಮುಚ್ಚುತ್ತಾರೆ.

'ಹೊತ್ತಾತು ಅಂದ್ರ ಹೊಡದ ಬಿಡೂ ಕೈ ಇದು,' ಎಂದರು. 'ತಡೀ ಅಂದ್ರ ತಡ್ಯಾಂಗಿಲ್ಲ.'

ಗಂಟೆಯವರ ತಪ್ಪು. ಬೇರೆ ಯಾರೂ ಇಷ್ಟು ಶಿಸ್ತಿನಿಂದ ಮಾಡಲಾರರು.

ನಾನು ಹೇಳಿದೆ, 'ಕಾಕಾ, ಎಚ್ ಇನ್ನೂ ಸೊನ್ನಿ ಆಗಿಲ್ರಿ. ಸೊನ್ನಿ ಕಡೆ ಹೊಂಟಾನ. ಗಡಿಯಾರ ನೋಡಕೋತ ಸುತ್ತಿಗಿ ಹಿಡದ ನಿಂದರ್ತೀರಲ್ಲ, ಆ ಅರ್ಧ ಮಿನಿಟ್ ಇದು. ಈಗ ಏನ ಕಡೀಬೇಕೋ ಕಡೀರಿ. ಆಮ್ಯಾಲ ಹೊಡೀರಿ.'

ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ಬರೆದರು. ಒಂಬತ್ತು ಹೋಯಿತು. ಉಳಿದದ್ದು ಆರು ಎಚ್, ಎಚ್ ವರ್ಗ. ಮೇಲೂ ಕೆಳಗೂ ಒಂದೊಂದು ಎಚ್ ಕಡಿದರು. ಆರು ಕೂಡಿಸು ಎಚ್. ಪೆನ್ನನ್ನು ಗಾಳಿಯಲ್ಲಿ ಹಿಡಿದರು — ಥೇಟ್ ಸುತ್ತಿಗೆ ಹಿಡಿದ ಹಾಗೆ — ಆಮೇಲೆ ಎಚ್ ಮೇಲೆ ಸೊನ್ನೆ ಇಟ್ಟರು.

'ಆರು,' ಎಂದರು. ಅದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದು, 'ಇಪ್ಪತ್ತೆರಡ ವರ್ಷ ಆತು.'

ಅವರ ಕಣ್ಣು ನೋಡಲಿಲ್ಲ. ಹೊರಗೆ ನೋಡಿದೆ. ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು. ಹೋಗುತ್ತಲೇ ಇತ್ತು.

ಫೆಬ್ರವರಿ ೨೧

ನನ್ನ ಪರೀಕ್ಷೆ. ಡೆರಿವೇಟಿವ್ ಬಂತು. ಮೊದಲು ಕಡಿದೆ, ಆಮೇಲೆ ಹೊಡೆದೆ.

ಮಾರ್ಚ್ ೧೧

ಕಾಕಾ ಪರೀಕ್ಷೆ. ಅಪ್ಪ ಬೇರೆ ಯಾರನ್ನೂ ಹತ್ತಿಸಿಕೊಳ್ಳದೆ ಸೆಂಟರ್ ತನಕ ಒಬ್ಬರನ್ನೇ ಬಿಟ್ಟು ಬಂದ. ಹಾಲ್‌ನಲ್ಲಿ ಗಂಟೆ ಹೊಡೆದಾಗ ಕಾಕಾ ಅಭ್ಯಾಸಬಲದಿಂದ ಎದ್ದು ನಿಂತರಂತೆ. ಸೂಪರ್‌ವೈಸರ್ 'ಕುಂಡ್ರಿ ಯಜಮಾನ್ರ, ಇದು ಶುರು ಆಗೂ ಗಂಟಿ' ಅಂದರಂತೆ.

ಏಪ್ರಿಲ್ ೯, ಗುರುವಾರ

ಕಾಕಾ ಪಾಸ್. ಪಾಸ್. ಪಾಸ್.

ಕಾಕಾ ಪೇಢೆ ತಂದರು. ಅವ್ವನ ಬಾಯಿಗೆ, ಅಪ್ಪನ ಬಾಯಿಗೆ ಹಾಕಿ, 'ಇವ ನನ್ನ ಮಾಸ್ತರ' ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದರು. ಹೋಗುವಾಗ ಅಪ್ಪನಿಗೆ ಅಂದರು, 'ಸೋಮವಾರ ಕಮಿಟಿ ಮೀಟಿಂಗ್ ಐತಿ. ಮೆಮೊ ಒಂದ ಉಳದೈತಿ. ನೋಡೂಣು.'

ನನ್ನ ಪಾಲಿನ ಪೇಢೆಯನ್ನು ಜೋಳದ ಚೀಲದ ಹಿಂದೆ ಇಟ್ಟೆ. ಈಗಲೂ ಅಲ್ಲೇ ಇದೆ.

ಏಪ್ರಿಲ್ ೧೧, ಶನಿವಾರ

ಸ್ವಸ್ತಿ ಶ್ರೀ. ಸೊನ್ನೆ ಮಹಾರಾಜರು ಚಿತ್ತವಿಟ್ಟು ಆಲಿಸಬೇಕು. ಇಂದು ಪೂರ್ವಾಹ್ನ ಹನ್ನೊಂದು ಗಂಟೆಗೆ ಭೀಮಶಿಯು ತಲೆ ಬಾಚಿ, ಇಸ್ತ್ರಿ ಅಂಗಿ ಧರಿಸಿ, ಅಳುಕದೆ, ಅಂಜದೆ, ಸಿಂಹದೋಪಾದಿಯಲ್ಲಿ ಪ್ರಿನ್ಸಿಪಾಲ್ ನಿಜಗುಣಪ್ಪನವರ ಕೋಣೆಯನ್ನು ಹೊಕ್ಕನು.

'ಸರ್, ಗಡಿಯಾರ ತಿರುವಿದವ ನಾನ್ರಿ.'

ಸರ್ ಕನ್ನಡಕ ತೆಗೆದರು. 'ಯಾವ ಗಡಿಯಾರೋ?'

'ನವೆಂಬರ್ ಹದಿನೆಂಟರದ್ದು. ಉಳವಪ್ಪ ಕಾಕಾಂದು ತಪ್ಪಿಲ್ರಿ. ಇಪ್ಪತ್ತ ಮಿನಿಟ್ ನಾನ ಮುಂದ ಮಾಡಿ, ನಾನ ಹಿಂದ ಮಾಡಿಟ್ಟೆ.'

'ಐದ ತಿಂಗಳ ಆಗಾಕ ಬಂತಲ್ಲೋ. ಇಷ್ಟ ದಿನಾ ಎಲ್ಲಿದ್ದಿ?'

'ಹಾದ್ಯಾಗಿದ್ದೆ ರೀ ಸರ್.'

ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. 'ಅವನ ಹೊಟ್ಟಿ ಮ್ಯಾಗ ಹೊಡೀತಿದ್ದಿ, ಗೊತ್ತೈತಿಲ್ಲೋ?' ಎಂದರು, ಮೆಲ್ಲಗೆ. ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಎಲ್ಲವನ್ನೂ ಬರೆಸಿ ಸಹಿ ಮಾಡಿಸಿಕೊಂಡರು. ಫೈಲ್ ತರಿಸಿ ಮೆಮೊ ಮೇಲೆ ಅಡ್ಡಡ್ಡ 'ರದ್ದು' ಎಂದು ಬರೆದರು. ನನಗೆ ಶಿಕ್ಷೆ: ಜೂನ್ ಪೂರ್ತಿ ಗಂಟೆ ನಾನೇ ಹೊಡೆಯಬೇಕು. ಒಂದು ದಿನ ಒಂದು ನಿಮಿಷ ತಪ್ಪಿದರೆ ಜುಲೈ ಕೂಡ.

ಸಂಜೆಯೊಳಗೆ ಸುದ್ದಿ ಅಪ್ಪನಿಗೂ ಮುಟ್ಟಿತು. ಆಮೇಲೆ ಗಾಡಿ ತೊಳೆಯಲು ಹಚ್ಚಿ, 'ಮೀಟರ್ ಇಲ್ದ ಗಾಡಿ ಓಡಸೂದು ಗೊತ್ತೈತಿ ನನಗ. ನಿನ್ನ ಮೀಟರ್ ತಿಳೀಲಿಲ್ಲ ನೋಡು,' ಎಂದ.

ಹೀಗೆ ಸತ್ಯವು ಗೆದ್ದಿತು. ಭೀಮಶಿಯ ಧೈರ್ಯವು ಸುರೇಬಾನದ ಶಿಲಾಶಾಸನಗಳಲ್ಲಿ ಕೆತ್ತಿಸಲು ಯೋಗ್ಯವಾದದ್ದು. ಮಂಗಳ ಮಹಾ ಶ್ರೀ.

ಏಪ್ರಿಲ್ ೧೩, ಸೋಮವಾರ. ಸಂಜೆ

ಕಮಿಟಿ ಒಪ್ಪಿತು. ಮೇ ಮುಗಿದ ಮೇಲೆ ಕಾಕಾ ಕ್ಲರ್ಕ್.

ಸಿಂಹದೋಪಾದಿಯಲ್ಲಿ ಎಂದು ಬರೆದಿದ್ದೇನಲ್ಲ. ಹಾಗಲ್ಲ ಅದು.

ಅವತ್ತು ಹತ್ತೂವರೆಯಿಂದ ಪ್ರಿನ್ಸಿಪಾಲರ ಬಾಗಿಲ ಮುಂದೆ ಇದ್ದೆ. ಮೂರು ಸಲ ಹೊಸ್ತಿಲ ತನಕ ಹೋದೆ. ಮೂರನೇ ಸಲ ಹೊರಳಿ ಗೇಟಿನ ಕಡೆ ಹೊರಟಿದ್ದೆ. ಕಾಕಾ ವರಾಂಡದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಎದ್ದು ಬಂದರು. 'ಹತ್ರ ಹೋಗೂದು ಸಾಕಾತು. ಹೊತ್ತಾತು, ನಡಿ,' ಎಂದು ಬೆನ್ನಿಗೆ ಕೈಯಿಟ್ಟು ಒಳಗೆ ನೂಕಿದರು. ಮೇಲಿನ ಚೌಕಟ್ಟು ಹಣೆಗೆ ಬಡಿಯಿತು. ಇನ್ನೂ ಬಾತಿದೆ.

ಇವತ್ತು ಕೇಳಿದೆ, 'ನಿಮಗ ಮೊದ್ಲ ಗೊತ್ತಿತ್ತೇನ್ರಿ?'

'ನಮ್ಮ ಗಡಿಯಾರ ಮೂರ ಮಿನಿಟ್ ಮುಂದ ಇಟ್ಟಿರ್ತೇನಿ, ಮಾಸ್ತರಗೋಳು ಲಗೂ ಬರ್ಲಿ ಅಂತ. ನನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ಅವತ್ತ ಪ್ರಿನ್ಸಿಪಾಲರು ನೋಡಿ ಬರೋಬ್ಬರಿ ಐತಿ ಅಂದ್ರು. ಆ ಮೂರ ಮಿನಿಟ್ ಎಲ್ಲಿ ಹೋದ್ವು? ಯಾರೋ ಕೈ ಹಚ್ಯಾರ. ಗಡಿಯಾರಕ್ಕ ನಾ ಹತ್ತೂ ಸ್ಟೂಲಿನ ಮ್ಯಾಗಿನ ಧೂಳ ಹಂಗ ಐತಿ. ಸ್ಟೂಲ್ ಇಲ್ದ ಅಲ್ಲಿಗೆ ಕೈ ಮುಟ್ಟಾವ ಕಾಲೇಜಿನ್ಯಾಗ ನೀ ಒ‍ಬ್ಬನ.'

'ಮತ್ತ ಯಾಕ ಹೇಳ್ಲಿಲ್ರಿ?'

'ನಿನ್ನ ಹೊರಗ ಹಾಕಿದ್ರ ನನಗ ಲೆಕ್ಕಾ ಮಾಡಾಕ ಜೋಡಿ ಯಾರಿದ್ರು?' ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ಹಿಡಿಯುವುದನ್ನು ತೋರಿಸಿದರು. 'ಮತ್ತ ನೀ ದಿನಾ ಹತ್ರ ಬರಾಕತ್ತಿದ್ದಿ. ಬರಲಿ, ನೋಡೂಣಂತ ನಿಂತಿದ್ದೆ.'

ಅಪ್ಪ ಹಾರ್ನ್ ಹೊಡೆಯುತ್ತಿದ್ದಾನೆ. ಇನ್ನೊಂದೇ ಮಾತು ಮಹಾರಾಜರೇ. ಈ ನೋಟ್‌ಬುಕ್ಕಿನಲ್ಲಿ ಎಲ್ಲೆಲ್ಲಿ ನಾನು ಕಾಕಾಗೆ ಕಲಿಸಿದೆ ಎಂದು ಬರೆದಿದ್ದೇನೋ, ಅಲ್ಲೆಲ್ಲ ಕಾಕಾ ನನಗೆ…